ಗಾಜಿನ ಪೆಟ್ಟಿಗೆಗೆ ಹೆಣೆದ ಬಲೆ

ಮೊನ್ನೆ ನಮ್ಮೂರು ಹಾರವಾಡದ ದಂಡೆಯ ಮೇಲಿನ ಚಪ್ಪರದಲ್ಲಿ ಹರಿದ ಬಲೆ ಹಿಡಿದು ಕೂತಿದ್ದೆ. ಗಂಟು ಹಾಕಿ ಮುಗಿದ ಮೇಲೆ ನೈಲಾನ್ ದಾರದ ತುದಿಯನ್ನು ಲೈಟರಿನಿಂದ ಸುಡಬೇಕು, ಇಲ್ಲದಿದ್ದರೆ ಗಂಟು ಜಾರುತ್ತದೆ. ಆ ಸುಟ್ಟ ವಾಸನೆ ಮೂಗಿಗೆ ಹೊಡೆದದ್ದೇ ತಡ, ಮೂರು ವರ್ಷದ ಹಿಂದಿನ ಮಳೆಗಾಲ ಇಡಿಯಾಗಿ ಎದುರು ಬಂದು ನಿಂತಿತು. ಇಪ್ಪತ್ತು ವರ್ಷ ಟ್ರಾಲರಿನ ಟಂಡೇಲ ನಾನು. ಬೋಟಿನ ಮೇಲೆ ನಾನು ಹೇಳಿದ್ದೇ ಮಾತು. ಹಾಗಿದ್ದವನು ಆ ಮಳೆಗಾಲ ಪೂರ್ತಿ ಮೂರು ಬೆರಳು ಉದ್ದದ ಒಂದು ಮೀನಿನ ಎದುರು ಹಠ ಹಿಡಿದು ಕೂತಿದ್ದೆ. ಕೇಳಿದವರು ನಗುತ್ತಾರೆ. ನಗಲಿ, ನನಗೇನೂ ನಾಚಿಕೆಯಿಲ್ಲ.

ಜೂನ್, ಜುಲೈ ಎರಡು ತಿಂಗಳು ಕಡಲಿಗೆ ಇಳಿಯುವ ಹಾಗಿಲ್ಲ, ಸರಕಾರದ ನಿಷೇಧ. ಕಾರವಾರದ ಬಂದರಿನಲ್ಲಿ ಬೋಟು ಕಟ್ಟಿ ನಾವೆಲ್ಲ ಮನೆ ಸೇರುತ್ತೇವೆ. ಉಳಿದ ಹತ್ತು ತಿಂಗಳು ಮನೆಗೆ ಬರುವುದು, ಮೀಯುವುದು, ಮಲಗುವುದು, ಮತ್ತೆ ಹೋಗುವುದು. ನನ್ನ ಹೆಂಡತಿ ಮಾದೇವಿ ಅಂಕೋಲಾ ಪೇಟೆಯಲ್ಲಿ ಮೀನು ಮಾರುತ್ತಾಳೆ. ಅವಳ ಬಾಯಲ್ಲಿ ನಾನು ‘ಎರಡು ತಿಂಗಳ ನೆಂಟ.’ ತಮಾಷೆಗೆ ಹೇಳುತ್ತಿದ್ದಳು, ನಾನೂ ನಗುತ್ತಿದ್ದೆ. ಆ ವರ್ಷ ಮಾತ್ರ ಆ ಮಾತು ಚುಚ್ಚಿತು. ನಮ್ಮದು ಒಂದೇ ಮಗಳು, ಚೈತ್ರಾ. ಆಗ ಎಂಟನೇ ಕ್ಲಾಸು. ಮೇ ಕೊನೆಗೆ ಗಂಟು ಮೂಟೆ ಹೊತ್ತು ಮನೆಗೆ ಬಂದರೆ ಹುಡುಗಿ ನನ್ನ ಭುಜಕ್ಕೆ ಬಂದುಬಿಟ್ಟಿದ್ದಾಳೆ, ಮಾತು ಕಡಿಮೆ ಮಾಡಿದ್ದಾಳೆ, ಮೀನು ತಿನ್ನುವುದನ್ನೇ ಬಿಟ್ಟಿದ್ದಾಳೆ.

ಹೌದು, ಮೀನು ತಿನ್ನುವುದನ್ನು. ನಮ್ಮ ಮನೆಯಲ್ಲಿ.

ಕಾರಣ ನಡುಮನೆಯಲ್ಲೇ ಇತ್ತು. ಅಂಕೋಲಾದಲ್ಲಿ ಮಾದೇವಿ ದಿನಾ ಮೀನು ಕೊಡುತ್ತಿದ್ದ ಒಂದು ಮನೆಯವರು ವರ್ಗವಾಗಿ ಹೋಗುವಾಗ ತಮ್ಮ ಅಕ್ವೇರಿಯಂ ಇವಳಿಗೆ ಕೊಟ್ಟುಬಿಟ್ಟಿದ್ದರು. ಮೂರು ಅಡಿಯ ಗಾಜಿನ ಟ್ಯಾಂಕು, ಜೊತೆಗೆ ಒಂದೇ ಒಂದು ಮೀನು. ಬೂದು ಮೈ, ಅದರ ಮೇಲೆ ಕಪ್ಪು ಪಟ್ಟೆ. ಮೊದಲು ಹತ್ತು ಮೀನಿದ್ದ ಟ್ಯಾಂಕಿನಲ್ಲಿ ಒಂದೇ ಯಾಕೆ ಉಳಿಯಿತು ಅಂತ ಮಾದೇವಿ ಕೇಳಲಿಲ್ಲ, ಅವರೂ ಹೇಳಲಿಲ್ಲ. ಚೈತ್ರಾ ಅದಕ್ಕೆ ‘ಪಟ್ಟೆ’ ಅಂತ ಹೆಸರಿಟ್ಟು ಮಗುವಿನ ಹಾಗೆ ಸಾಕಿದ್ದಳು. ಗಾಜಿಗೆ ಬೆರಳಿಟ್ಟರೆ ಪಟ್ಟೆ ಬೆರಳಿನ ಹಿಂದೆಯೇ ಬರುತ್ತಿತ್ತು. ಅದನ್ನು ನೋಡಿಕೊಂಡು ಅಡುಗೆಮನೆಯಲ್ಲಿ ಬಂಗಡೆ ಹುಳಿ ತಿನ್ನಲು ಆಗುವುದಿಲ್ಲ ಅಂದಳಂತೆ. ಈಗಲೂ ತಿನ್ನುವುದಿಲ್ಲ, ಅದು ಅವಳಿಷ್ಟ.

ಮಗಳ ಮನಸ್ಸು ಗೆಲ್ಲಬೇಕು ಅಂತ ನನಗೆ ಅನಿಸಿತು. ಬಾಯಿಬಿಟ್ಟು ಹೇಳಲು ಬರುವುದಿಲ್ಲ ನನಗೆ. ಅದಕ್ಕೇ ಬೋಟಿನ ಕೆಲಸಕ್ಕೆ ಕಾರವಾರಕ್ಕೆ ಹೋದವನು ಅಲ್ಲಿನ ಅಂಗಡಿಯಿಂದ ಎರಡು ಗೋಲ್ಡ್ ಫಿಶ್ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿಕೊಂಡು ಬಂದೆ. ಚೈತ್ರಾ ಶಾಲೆಯಿಂದ ಬರುವಷ್ಟರಲ್ಲಿ ಆಶ್ಚರ್ಯಪಡಿಸೋಣ ಅಂತ ಚೀಲದ ಬಾಯಿ ಬಿಚ್ಚಿ ನೀರು ಸಮೇತ ಟ್ಯಾಂಕಿಗೆ ಸುರಿದೆ. ಒಂಟಿಯಾಗಿದ್ದ ಮೀನಿಗೆ ಜೊತೆಯಾಯಿತು ಅಂದುಕೊಂಡೆ. ಕಡಲಲ್ಲಿ ಮೀನು ಗುಂಪಿನಲ್ಲಿ ಓಡಾಡುವುದನ್ನೇ ನೋಡಿದವನು ನಾನು. ಒಂದು ಮೀನು ಇನ್ನೊಂದರ ಮೈಮೇಲೆ ಸುಮ್ಮಸುಮ್ಮನೆ ಏರಿ ಹೋಗುತ್ತದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಟ್ಯಾಂಕಿಗೆ ಬಿಟ್ಟು ಚಹಾ ಕುಡಿಯಲು ಹೋದೆ.

ಸಂಜೆ ಚೈತ್ರಾ ಬಂದಾಗ ಒಂದು ಮಗುಚಿ ತೇಲುತ್ತಿತ್ತು. ಇನ್ನೊಂದರ ಬಾಲವೇ ಇರಲಿಲ್ಲ, ಮೂಲೆಯಲ್ಲಿ ಬಾಯಿ ಬಾಯಿ ಬಿಡುತ್ತಿತ್ತು. ರಾತ್ರಿಯೊಳಗೆ ಅದೂ ಹೋಯಿತು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ.

“ಅಪ್ಪಾ, ನಿಂಗೆ ಮೀನು ಅಂದ್ರೆ ಬುಟ್ಟಿಗೆ ತುಂಬೂ ಸಾಮಾನು,” ಅಂದಳು. “ಇನ್ ಮೇಲೆ ಟ್ಯಾಂಕಿಗೆ ಕೈ ಹಾಕ್‌ಬೇಡ.”

ನನಗೆ ಸಿಟ್ಟು ನೆತ್ತಿಗೇರಿತು. ಆ ಸಾಮಾನಿನಿಂದಲೇ ನಿನ್ನ ಫೀಸು, ನಿನ್ನ ಸೈಕಲ್ಲು ಅಂತ ನಾಲಿಗೆಯ ತುದಿಗೆ ಬಂದಿತ್ತು. ಮಾದೇವಿ ಅಡುಗೆಮನೆಯಿಂದಲೇ ನನ್ನ ಮುಖ ನೋಡಿ ಕಣ್ಣಲ್ಲೇ ಸುಮ್ಮನಿರಿಸಿದಳು. ಆದರೆ ಅವತ್ತೇ ನಿಶ್ಚಯ ಮಾಡಿದೆ. ಬೋಟು ಬಿಡುವ ಮೊದಲು ಆ ಟ್ಯಾಂಕಿನಲ್ಲಿ ಪಟ್ಟೆಯ ಜೊತೆ ಬೇರೆ ಮೀನು ಬದುಕಬೇಕು, ಬದುಕಿಸುವವನು ನಾನಾಗಬೇಕು. ಹಾಗಾಗದಿದ್ದರೆ ಮಗಳ ಲೆಕ್ಕದಲ್ಲಿ ನಾನು ಕೊಲ್ಲುವವನಾಗಿಯೇ ಉಳಿಯುತ್ತೇನೆ, ಮುಂದಿನ ಮಳೆಗಾಲಕ್ಕೆ ಅವಳು ಇನ್ನೂ ದೂರ ಹೋಗಿರುತ್ತಾಳೆ. ಇದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಮರುದಿನವೇ ಸುರಿಯುವ ಮಳೆಯಲ್ಲಿ ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ಮೀನಿನ ಅಂಗಡಿ ನಡೆಸುವವಳು ಶಾಲಿನಿಬಾಯಿ, ಕೊಂಕಣಿ ಮಾತಿನ ಗಟ್ಟಿ ಹೆಂಗಸು. ನಡೆದದ್ದನ್ನು ಹೇಳಿದೆ. ಅವಳು ಹಣೆ ಹಣೆ ಬಡಿದುಕೊಂಡಳು.

“ಅರೇ ದೇವಾ, ಟಂಡೇಲರೇ, ನಿಮ್ಮನೇಲಿ ಕನ್ವಿಕ್ಟ್ ಅದೆ ಅಂತ ಮೊದಲೇ ಹೇಳೂಕೆ ಏನಾಗಿತ್ತು? ಕನ್ವಿಕ್ಟ್ ಅಂದ್ರೆ ಕೈದಿ, ಜೈಲಿನವರ ಅಂಗಿ ಮೇಲೆ ಪಟ್ಟೆ ಇರ್ತದಲ್ಲ, ಅದಕ್ಕೇ ಆ ಹೆಸರು. ಆ ಟ್ಯಾಂಕು ಪೂರಾ ಅದರ ಮನೆ. ನೀವು ಗೋಲ್ಡ್ ಫಿಶ್ ಬಿಟ್ರಿ, ಅದಕ್ಕೆ ಊಟ ಬಡಿಸ್ದಂಗೇ ಆಯ್ತು.”

“ಹಂಗಾದ್ರೆ ಅದರ ಜೊತೆ ಯಾವುದೂ ಬದುಕೂದಿಲ್ವ?”

“ಬದುಕ್ತದೆ. ನಿಮಗೆ ತಾಳ್ಮೆ ಅದೆಯಾ?”

ನನ್ನನ್ನು ಕೇಳುವ ಮಾತೇ ಅದು? ಒಂದು ರಾತ್ರಿ ಒಂದು ಬಲೆಗೆ ಆರು ತಾಸು ಕಾಯುವವನು ನಾನು. ಅದೆ ಅಂದೆ. ಅವಳು ಬೆರಳು ಮಡಚುತ್ತ ಹೇಳುತ್ತ ಹೋದಳು. ಒಂದೆರಡು ಮೀನು ತಂದರೆ ಪಟ್ಟೆ ಒಂದನ್ನೇ ಹಿಡಿದು ಹಿಂಸೆ ಮಾಡುತ್ತದೆ, ಐದಾರು ಒಟ್ಟಿಗೆ ತನ್ನಿ, ಅದರ ಸಿಟ್ಟು ಹಂಚಿಹೋಗುತ್ತದೆ. ಚುರುಕಾಗಿ ಓಡುವಂಥ ಮೀನು ಆಗಬೇಕು, ಗಾತ್ರದಲ್ಲಿ ಅದಕ್ಕೆ ತೀರಾ ಸಣ್ಣದಾಗಬಾರದು. ಮೊದಲು ಒಂದು ವಾರ ಬೇರೆ ಟಬ್ಬಿನಲ್ಲಿ ಇಟ್ಟು ರೋಗ ಇಲ್ಲ ಅಂತ ನೋಡಿ. ಆಮೇಲೆ ಟ್ಯಾಂಕಿನ ನಡುವೆ ಅಡ್ಡ ಕಟ್ಟಿ, ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಲಿ, ಮುಟ್ಟುವುದು ಬೇಡ. ಒಳಗಿನ ಕಲ್ಲಿನ ಜಾಗ ಬದಲಾಯಿಸಿ. ಕೊನೆಯದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಕಲ್ಲಿಗೂ ಜಗಳಕ್ಕೂ ಏನು ಸಂಬಂಧ ಅಂದುಕೊಂಡೆ. ಅಡ್ಡ ಕಟ್ಟುವುದು ಅಂದದ್ದು ಮಾತ್ರ ಕಿವಿಗೆ ಬಿತ್ತು. ಬಲೆ ಹೆಣೆಯುವುದು ಗೊತ್ತಿಲ್ಲದವನಾ ನಾನು?

ಸಿಲ್ವರ್ ಡಾಲರ್ ಅನ್ನುವ ಜಾತಿಯ ಐದು ಮೀನು ತಂದೆ. ಚಪ್ಪಟೆ ಮೈ, ಬೆಳ್ಳಿ ಬಣ್ಣ, ಪಾಪ್ಲೆಟ್ ಮರಿಯ ಹಾಗೆಯೇ. ಮಾದೇವಿ ಚೀಲ ಎತ್ತಿ ನೋಡಿ, “ಇವಕ್ಕೆ ಉಪ್ಪು ಖಾರ ಹಚ್ಚೂಕೂ ಸಾಲ,” ಅಂದಳು. ಚೈತ್ರಾ ನಗಲಿಲ್ಲ. ಟಬ್ಬಿನ ಮುಂದೆ ಕೂತು ಐದನ್ನೂ ಎಣಿಸಿದಳು. “ಇದೂ ಸತ್ರೆ?” ಅಂತ ಕೇಳಿದಳು. “ಸತ್ರೆ ನಾನು ಈ ಟ್ಯಾಂಕಿನ ಹತ್ರ ಬರೂದಿಲ್ಲ,” ಅಂದೆ. ಅವಳು ತಲೆ ಆಡಿಸಿದಳು, ಅಷ್ಟೇ.

ಆ ವಾರ ನಾನು ಬಲೆ ಹೆಣೆದೆ. ಪೈಪಿನ ಚೌಕಟ್ಟು ಮಾಡಿ, ಟ್ಯಾಂಕಿನ ಅಳತೆಗೆ ಕೊಯ್ದು, ಅದಕ್ಕೆ ದಾರ ಏರಿಸಿದೆ. ಬಲೆಯ ಕಣ್ಣಿನ, ಅಂದರೆ ತೂತಿನ, ಅಳತೆಗೆ ದಾರ ಸುತ್ತಲು ಅಪ್ಪನ ಕಾಲದ ಬಿದಿರು ಪಟ್ಟಿ ಇತ್ತು. ಕೈ ತನ್ನಷ್ಟಕ್ಕೆ ಓಡಿತು. ನೋಡದೆಯೂ ಹೆಣೆಯುತ್ತೇನೆ ನಾನು, ಚಪ್ಪರದಲ್ಲಿ ಹರಟೆ ಹೊಡೆಯುತ್ತಲೇ ಹೆಣೆದೆ. ಪಕ್ಕದಲ್ಲಿ ಕೂತಿದ್ದ ನಾರಾಯಣಣ್ಣ, “ಎಂತ ಟಂಡೇಲಾ, ಬಚ್ಚಲ ತೊಟ್ಟಿಗೆ ಬಲೆ ಬಿಡೂಕೆ ಹೊರಟ್ಯಾ?” ಅಂತ ಕಿಚಾಯಿಸಿದ. ಆ ಮಾತಿಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿನಲ್ಲೇ ನನಗೆ ಬುದ್ಧಿ ಬರಬೇಕಿತ್ತು.

ಅಡ್ಡ ಕಟ್ಟಿ, ಒಂದು ಕಡೆ ಪಟ್ಟೆ, ಇನ್ನೊಂದು ಕಡೆ ಐದು ಮೀನು. ಮೊದಲ ದಿನ ಪಟ್ಟೆ ಬಲೆಗೆ ಗುದ್ದುತ್ತಲೇ ಇತ್ತು. ದಾಟಲಾಗಲಿಲ್ಲ. ನಾನು ಎದೆಯುಬ್ಬಿಸಿ ಮಲಗಿದೆ. ಬೆಳಿಗ್ಗೆ ಚೈತ್ರಾ ನನ್ನನ್ನು ಎಬ್ಬಿಸಿದಳು. ಟ್ಯಾಂಕಿನ ಕಡೆ ಕೈ ತೋರಿಸಿದಳು. ಹೊಸದರಲ್ಲಿ ಒಂದು ಬಲೆಯ ಕಣ್ಣಿಗೆ ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಕೊಂಡು ಸತ್ತಿತ್ತು. ಪಟ್ಟೆ ಏರಿ ಬಂದಾಗ ಅದು ದಿಕ್ಕೆಟ್ಟು ಓಡಿರಬೇಕು, ಎದುರು ದಾರ ಕಂಡಿರಲಿಕ್ಕಿಲ್ಲ.

ಅದು ತಾರ್ಲೆ, ಅಂದರೆ ಬೂತಾಯಿ ಮೀನು, ಹಿಡಿಯುವ ಬಲೆಯ ಕಣ್ಣು. ತಾರ್ಲೆಯ ತಲೆ ಹೋಗಬೇಕು, ಮೈ ಹೋಗಬಾರದು, ಹಿಂದೆ ಬರಲು ಕಿವಿರು ಬಿಡಬಾರದು. ಟ್ರಾಲರ್ ಹತ್ತುವ ಮೊದಲು ದೋಣಿಯಲ್ಲಿದ್ದಾಗಿನಿಂದ, ಮೂವತ್ತು ವರ್ಷದಿಂದ ನನ್ನ ಕೈ ಕಲಿತದ್ದು ಅದೊಂದೇ ಅಳತೆ. ಗೋಡೆ ಕಟ್ಟುತ್ತೇನೆ ಅಂತ ಕೂತು ಬಲೆ ಹಾಕಿದ್ದೆ ನಾನು.

ಬಿಡಿಸಬೇಕಲ್ಲ. ಚೈತ್ರಾ ಬಾಲ ಹಿಡಿದು ಎಳೆಯಲು ನೋಡಿದಳು, ಬರಲಿಲ್ಲ. ನಾನು ಕೈ ಹಾಕಿದೆ. ಹೆಬ್ಬೆರಳಿನಿಂದ ಕಿವಿರು ಒತ್ತಿ, ದಾರವನ್ನು ತಲೆಯ ಕಡೆ ಸರಿಸಿ, ಮೀನನ್ನು ಹಿಂದಕ್ಕೆ ಜಾರಿಸಿದೆ. ಒಂದು ಕ್ಷಣದ ಕೆಲಸ. ದಿನಕ್ಕೆ ಸಾವಿರ ಸಲ ಮಾಡಿದ್ದು. ಅವಳು ನನ್ನ ಕೈಯನ್ನೇ ನೋಡಿದಳು. ಆ ಕೈಗೆ ಈ ಕೆಲಸ ಅಷ್ಟು ಸಲೀಸಾಗಿ ಬರುತ್ತದೆ ಅನ್ನುವುದು ಅವಳಿಗೆ ಕಂಡಿತು, ನನಗೂ ಕಂಡಿತು. ಸತ್ತ ಮೀನನ್ನು ತೆಗೆದುಕೊಂಡು ಹೋಗಿ ದಾಸವಾಳದ ಬುಡದಲ್ಲಿ ಹುಗಿದಳು.

ಆಡಿದ ಮಾತಿನ ಪ್ರಕಾರ ನಾನು ಟ್ಯಾಂಕಿನಿಂದ ದೂರ ಸರಿಯಬೇಕಿತ್ತು. ಚೌಕಟ್ಟು ಕಿತ್ತು, ಉಳಿದ ನಾಲ್ಕನ್ನು ಮತ್ತೆ ಟಬ್ಬಿಗೆ ಹಾಕಿ, ಎರಡು ದಿನ ದಂಡೆಯಲ್ಲೇ ಕಾಲ ಕಳೆದೆ. ಮೂರನೇ ದಿನ ಗಾಳಿ ಮಳೆ ಜೋರಾಗಿ ಕಂಬ ಬಿದ್ದು ಹಾರವಾಡಕ್ಕೆ ಕರೆಂಟೇ ಇಲ್ಲ. ಟಬ್ಬಿಗೂ ಟ್ಯಾಂಕಿಗೂ ಗಾಳಿ ಊದುವ ಯಂತ್ರ ನಿಂತಿತು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಚೈತ್ರಾ ಶಾಲೆಯಲ್ಲಿದ್ದಳು. ಮಾತು ಕೊಟ್ಟದ್ದೆಲ್ಲ ಅತ್ತ ಇಟ್ಟು ನಾನು ಚೊಂಬು ತೆಗೆದುಕೊಂಡೆ. ನೀರು ಮೊಗೆದು ಎತ್ತರದಿಂದ ಹೊಯ್ಯುವುದು, ಮತ್ತೆ ಮೊಗೆಯುವುದು. ಟಬ್ಬಿಗೆ ಸ್ವಲ್ಪ ಹೊತ್ತು, ಟ್ಯಾಂಕಿಗೆ ಸ್ವಲ್ಪ ಹೊತ್ತು. ಪಟ್ಟೆಗೂ ಉಸಿರು ಬೇಕಲ್ಲ, ಎಷ್ಟು ದುಷ್ಟನಾದರೂ. ಚೈತ್ರಾ ಬಂದಾಗ ನಾನು ಲುಂಗಿ ಪೂರಾ ಒದ್ದೆ ಮಾಡಿಕೊಂಡು ಹೊಯ್ಯುತ್ತಲೇ ಇದ್ದೆ. ಅವಳು ಚೀಲ ಇಟ್ಟು ಇನ್ನೊಂದು ಚೊಂಬು ತಂದಳು. ಟಬ್ಬು ಅವಳಿಗೆ ಬಿಟ್ಟೆ. ಸಂಜೆ ಕರೆಂಟು ಬರುವ ತನಕ ಅವಳು ಟಬ್ಬಿಗೆ, ನಾನು ಟ್ಯಾಂಕಿಗೆ ನೀರು ಹೊಯ್ದೆವು.

ಮರುದಿನ ನಾನೇ ಬಾಯಿಬಿಟ್ಟೆ. “ಇನ್ನೊಂದು ಅಡ್ಡ ಹೆಣೀತೆ. ತಪ್ಪು ನನ್ನ ಕೈದು, ತಿದ್ದೂದೂ ಅದೇ ಕೈ.”

“ಸೊಳ್ಳೆ ಪರದೆ ಹಾಕಿರೆ ಸಾಕಲ್ದ್ರಾ,” ಅಂದಳು ಮಾದೇವಿ. ಅವಳ ಮಾತು ಸರಿಯೇ ಇತ್ತು. ನನಗೆ ಬೇಡವಾಗಿತ್ತು.

“ಎಷ್ಟು ಸಣ್ಣ ಕಣ್ಣು?” ಅಂತ ಚೈತ್ರಾ ಕೇಳಿದಳು.

“ಮೂತೀನೂ ಹೋಗಬಾರದು. ಅಷ್ಟು ಸಣ್ಣ ಪಟ್ಟಿ ನನ್ನ ಹತ್ರ ಇಲ್ಲ.”

ಅವಳು ಒಳಗೆ ಹೋಗಿ ಒಂದು ಪೆನ್ಸಿಲ್ ತಂದು ನನ್ನ ಮುಂದೆ ಇಟ್ಟಳು. ಆ ಪೆನ್ಸಿಲ್ಲಿಗೆ ಸುತ್ತಿ ಸುತ್ತಿ, ದಪ್ಪ ಹಸಿರು ದಾರದಲ್ಲಿ, ಮೀನಿಗೂ ದೂರದಿಂದ ಕಾಣುವ ಹಾಗೆ ಹೆಣೆದೆ. ಈ ಸಲ ಹರಟೆ ಇಲ್ಲ, ಚಪ್ಪರವೂ ಇಲ್ಲ, ನಡುಮನೆಯ ಕಿಟಕಿಯ ಬೆಳಕಿನಲ್ಲಿ ಕೂತು ಒಂದೊಂದು ಕಣ್ಣನ್ನೂ ನೋಡಿ ಹಾಕಿದೆ. ಕೈ ಹಳೆಯ ಅಳತೆಗೆ ಜಾರುತ್ತಲೇ ಇತ್ತು, ಬಿಚ್ಚಿ ಮತ್ತೆ ಹಾಕಿದೆ. ಐದು ದಿನ ಹಿಡಿಯಿತು. ಒಂದು ಇಡೀ ಬಲೆ ದುರಸ್ತಿ ಮಾಡಿದರೂ ನನಗೆ ಅಷ್ಟು ಸುಸ್ತು ಆಗಿರಲಿಲ್ಲ.

ಹೆಣೆಯುತ್ತಿರುವಾಗಲೇ ಶಾಲಿನಿಬಾಯಿ ಹೇಳಿದ ಕಲ್ಲಿನ ಮಾತು ತಲೆಗೆ ಹೊಕ್ಕಿತು. ನಾನು ಸಣ್ಣವನಿದ್ದಾಗ ನಮ್ಮ ದಂಡೆಯಲ್ಲಿ ದೋಣಿ ಎಳೆದಿಡುವ ಜಾಗಕ್ಕೆ ದೊಡ್ಡ ಜಗಳವಾಗಿತ್ತು. ಹೊಸದಾಗಿ ದೋಣಿ ಮಾಡಿಸಿದವರಿಗೆ ಹಳಬರು ಜಾಗ ಬಿಡಲಿಲ್ಲ, ಕೈ ಕೈ ಮಿಲಾಯಿಸಿದರು. ಕೊನೆಗೆ ಊರಿನ ಹಿರಿಯರು ಎಲ್ಲ ದೋಣಿಯನ್ನೂ ನೀರಿಗೆ ತಳ್ಳಿಸಿದರು. ದಂಡೆ ಖಾಲಿ ಮಾಡಿಸಿ, ಹೊಸಬರನ್ನು ಮೊದಲು ಹತ್ತಿಸಿ, ಹಳಬರನ್ನು ಆಮೇಲೆ ಕರೆದರು. ಖಾಲಿ ದಂಡೆಯಲ್ಲಿ ಇದು ನನ್ನ ಜಾಗ ಅಂತ ಹೇಳಲು ಯಾರಿಗೂ ಗುರುತೇ ಉಳಿದಿರಲಿಲ್ಲ. ಅಪ್ಪ ಎಷ್ಟೋ ದಿನ ಗೊಣಗುತ್ತಿದ್ದ, ಆದರೆ ಜಗಳ ನಿಂತಿತು.

ಚೈತ್ರಾಳಿಗೆ ಈ ಕಥೆ ಹೇಳಿದೆ. ಅವಳು ಬಾಯಿ ತೆರೆದು ಕೇಳಿಸಿಕೊಂಡಳು. ನನ್ನ ಯಾವ ಮಾತನ್ನೂ ಅವಳು ಹಾಗೆ ಕೇಳಿದ ನೆನಪಿಲ್ಲ. “ಹಂಗಾದ್ರೆ ಪಟ್ಟೇನ ಹೊರಗೆ ತೆಗೀಬೇಕು,” ಅಂದಳು.

ತೆಗೆದೆವು. ಪಟ್ಟೆಯನ್ನು ಇನ್ನೊಂದು ಟಬ್ಬಿಗೆ ಹಾಕಿದರೆ ಸಿಟ್ಟಿನಿಂದ ಮೈ ಕಪ್ಪಾಗಿಸಿಕೊಂಡು ಮೂಲೆ ಹಿಡಿಯಿತು. ಟ್ಯಾಂಕಿನ ಕಲ್ಲುಗಳನ್ನೆಲ್ಲ ಎತ್ತಿ, ಅದು ಯಜಮಾನಿಕೆ ಮಾಡುತ್ತಿದ್ದ ದೊಡ್ಡ ಕಲ್ಲನ್ನು ಇನ್ನೊಂದು ತುದಿಗೆ ಸರಿಸಿದೆವು. ಒಡೆದ ಹೆಂಚಿನ ಚೂರುಗಳನ್ನು ಉಜ್ಜಿ ತೊಳೆದು, ಒಂದು ಕಡೆಯಿಂದ ನೋಡಿದರೆ ಇನ್ನೊಂದು ಕಡೆ ಕಾಣದ ಹಾಗೆ ಅಡ್ಡಡ್ಡ ನಿಲ್ಲಿಸಿದೆವು. ಎಲ್ಲಿ ಯಾವುದು ನಿಲ್ಲಬೇಕು ಅಂತ ನಾವಿಬ್ಬರೂ ಜಗಳವಾಡಿದೆವು, ಅವಳೇ ಗೆದ್ದಳು. ನಾಲ್ಕು ಹೊಸಬರನ್ನು ಮೊದಲು ಬಿಟ್ಟೆವು. ಮೂರು ದಿನ ಅವು ಇಡೀ ಟ್ಯಾಂಕು ಸುತ್ತಿ, ಅಡಗುವ ಜಾಗ ಕಂಡುಕೊಂಡ ಮೇಲೆ ಹಸಿರು ಅಡ್ಡ ಇಳಿಸಿ, ಆಚೆ ಕಡೆ ಪಟ್ಟೆಯನ್ನು ತಂದು ಬಿಟ್ಟೆವು.

ಆಮೇಲೆ ಬರೀ ಕಾಯುವ ಕೆಲಸ. ಪಟ್ಟೆ ದಿನಾ ಎಷ್ಟು ಸಲ ಅಡ್ಡಕ್ಕೆ ಗುದ್ದಿತು ಅಂತ ನಾನು ನೋಡುತ್ತಿದ್ದೆ, ಸಂಜೆ ಚೈತ್ರಾಳಿಗೆ ವರದಿ ಕೊಡುತ್ತಿದ್ದೆ. ಎರಡೂ ಕಡೆ ಒಂದೇ ಹೊತ್ತಿಗೆ ಆಹಾರ ಹಾಕುತ್ತಿದ್ದೆವು, ಅಡ್ಡದ ಹತ್ತಿರವೇ, ಎದುರು ಬದುರು ಮೂತಿ ಇಟ್ಟು ತಿನ್ನಲಿ ಅಂತ. ಹೊರಗೆ ಭೋರ್ಗರೆಯುವ ಕಡಲು, ಒಳಗೆ ಈ ಪೆಟ್ಟಿಗೆ. ಜುಲೈ ನಡು ಕಳೆಯುವಾಗ ಗುದ್ದುವುದು ಕಡಿಮೆಯಾಯಿತು. ಕೊನೆಯ ವಾರ ಪಟ್ಟೆ ಅಡ್ಡದ ಪಕ್ಕದಲ್ಲೇ ಸುಮ್ಮನೆ ನಿಂತು ಆಚೆ ನೋಡುತ್ತಿತ್ತು. ಅದರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಬೋಟಿನ ಧಣಿಯ ಫೋನು ಬಂತು. ಶುಕ್ರವಾರ ಬೆಳಿಗ್ಗೆ ಕಾರವಾರದಲ್ಲಿ ಇರಬೇಕು, ಐಸು, ಡೀಸೆಲ್ಲು ತುಂಬಬೇಕು. ಅಡ್ಡ ತೆಗೆಯುವುದಿದ್ದರೆ ಗುರುವಾರವೇ. ನಾನಿಲ್ಲದಾಗ ತೆಗೆದು ಏನಾದರೂ ಆದರೆ ಹುಡುಗಿ ಒಬ್ಬಳೇ ಏನು ಮಾಡುತ್ತಾಳೆ? ಬುಧವಾರ ಸಂಜೆ ಅವಳಿಗೆ ಹೇಳಿದೆ, ನಾಳೆ ಶಾಲೆಗೆ ರಜೆ ಹಾಕು, ಇಬ್ಬರೂ ಕೂತು ತೆಗೆಯೋಣ ಅಂತ.

“ನಾಳೆ ಪರೀಕ್ಷೆ ಅದೆ,” ಅಂದಳು. ಸ್ವಲ್ಪ ಹೊತ್ತು ಉಗುರು ಕಚ್ಚಿದಳು. “ನಾ ಬರೂ ತನಕ ಕಾಯ್‌ಬೇಡ. ಬೆಳಿಗ್ಗೆನೇ ತೆಗಿ. ಹಗಲು ಪೂರ್ತಿ ನೋಡೂಕಾಗ್ತದೆ. ನೀನೇ ಇರ್ತೆಯಲ್ಲ.”

ಅಷ್ಟು ಹೇಳಿ ಓದಲು ಕೂತಳು. ನಾನು ಮಾತ್ರ ಅವತ್ತು ಮಗ್ಗುಲು ಬದಲಿಸುತ್ತಲೇ ಇದ್ದೆ.

ಗುರುವಾರ ಅವಳು ಬಸ್ಸು ಹತ್ತಿದ ಮೇಲೆ ಪಟ್ಟೆಗೆ ಮೊದಲು ಹೊಟ್ಟೆ ತುಂಬ ಹಾಕಿದೆ. ಟ್ಯಾಂಕಿನ ಲೈಟು ಆರಿಸಿದೆ. ಅಡ್ಡವನ್ನು ನಿಧಾನ ಮೇಲೆತ್ತಿ ನೀರು ಸೋರಲು ಬಿಟ್ಟು, ಮಣೆ ಎಳೆದುಕೊಂಡು ಎದುರು ಕೂತೆ, ಕೈಯಲ್ಲಿ ಸಣ್ಣ ಜಾಲರಿ. ಪಟ್ಟೆ ಗಡಿ ಇದ್ದ ಜಾಗಕ್ಕೆ ಬಂದು ನಿಂತಿತು. ಆಮೇಲೆ ಒಮ್ಮೆಲೇ ನುಗ್ಗಿತು. ನಾನು ಜಾಲರಿ ಎತ್ತಿದೆ. ನಾಲ್ಕೂ ಹೆಂಚಿನ ಹಿಂದೆ ಚದುರಿದವು, ಪಟ್ಟೆ ಒಂದನ್ನು ಅಟ್ಟಿಸಿ, ಹೆಂಚಿಗೆ ತಿರುಗಿ, ಯಾವುದನ್ನು ಅಟ್ಟಿಸಬೇಕು ಅಂತ ತಿಳಿಯದೆ ನಿಂತಿತು. ಇನ್ನೊಮ್ಮೆ ನುಗ್ಗಿತು, ಇನ್ನೊಮ್ಮೆ ನಿಂತಿತು. ಕೈ ಹಾಕಬೇಕಾ, ಬೇಡವಾ? ಪ್ರತಿ ಸಲ ಎದ್ದೆ, ಪ್ರತಿ ಸಲ ಕೂತೆ. ಮಾದೇವಿ ಪೇಟೆಯಿಂದ ಬಂದು ಊಟಕ್ಕೆ ಕರೆದಳು, ಆಮೇಲೆ ಬರ್ತೆ ಅಂದೆ. ಎರಡನೇ ಸಲ ಕರೆದಾಗಲೂ ಟ್ಯಾಂಕಿನ ಎದುರಿನಿಂದ ಕದಲಲಿಲ್ಲ. ಒಂದರ ರೆಕ್ಕೆಯ ಅಂಚು ಹರಿದಿತ್ತು. ಮಧ್ಯಾಹ್ನದ ಮೇಲೆ ಅಟ್ಟುವುದು ಅರ್ಧ ಟ್ಯಾಂಕಿಗೇ ನಿಲ್ಲತೊಡಗಿತು. ಪಟ್ಟೆ ದೊಡ್ಡ ಕಲ್ಲಿನ ಸುತ್ತ ಒಂದು ಜಾಗ ಹಿಡಿದು, ಉಳಿದದ್ದನ್ನು ಆ ನಾಲ್ಕಕ್ಕೆ ಬಿಟ್ಟುಕೊಟ್ಟಿತು.

ನಾಲ್ಕೂವರೆಗೆ ಬಾಗಿಲಲ್ಲಿ ಕೊಡೆ ಮಡಚುವ ಸದ್ದಾಯಿತು. ನಾನು ತಿರುಗಲಿಲ್ಲ, ಕಣ್ಣು ಟ್ಯಾಂಕಿನ ಮೇಲೇ ಇತ್ತು. ಚೈತ್ರಾ ಒದ್ದೆ ಕಾಲಲ್ಲೇ ಬಂದು ನನ್ನ ಪಕ್ಕ ನಿಂತಳು. ಟ್ಯಾಂಕಿನ ಕಡೆ ನೋಡುತ್ತಾಳೆ, ಎಣಿಸುತ್ತಾಳೆ ಅಂತ ಕಾದೆ. ಅವಳು ನನ್ನ ಮುಖ ನೋಡುತ್ತಿದ್ದಳು.

“ಊಟ ಮಾಡಿದ್ಯಾ ಅಪ್ಪಾ?”

ಇಲ್ಲ ಅಂದೆ. ಅವಳು ನನ್ನ ಕೈಯಿಂದ ಜಾಲರಿ ತೆಗೆದುಕೊಂಡಳು.

“ಏಳು, ಊಟ ಮಾಡು. ಈಗ ನನ್ನ ಪಾಳಿ,” ಅಂತ ಹೇಳಿ, ನಾನೆದ್ದ ಮಣೆಯ ಮೇಲೆ ಕೂತಳು.